ಮಾಗಿದ ಎಲೆಯ ಮರ್ಮ: ಮದುರೊ ಚುರುಟನ್ನು ಅರಿಯುವ ಬಗೆ

ಚುರುಟಿನ ಪೆಟ್ಟಿಗೆಯನ್ನು ತೆರೆದಾಗ ಮೊದಲು ಕಣ್ಣಿಗೆ ಬೀಳುವುದು ಬಣ್ಣ. ಒಣಹುಲ್ಲಿನಂಥ ತಿಳಿಗಂದಿನಿಂದ ಹಿಡಿದು ಕಾಕಂಬಿಯಂಥ ಕಡುಗಪ್ಪಿನವರೆಗೆ ಅದರ ಛಾಯೆಗಳು ಹಲವು. ಕಡುಗಪ್ಪಿನ ಚುರುಟನ್ನು ಕಂಡೊಡನೆ 'ಇದು ಬಲು ಖಾರ, ತಲೆ ತಿರುಗಿಸುವಂಥದು' ಎಂದು ಹಿಂಜರಿಯುವವರು ಕೆಲವರು. ಕಪ್ಪಾದಷ್ಟೂ ಶ್ರೇಷ್ಠವೆಂದು ನಂಬಿ ದುಬಾರಿ ಬೆಲೆ ತೆರುವವರು ಇನ್ನು ಕೆಲವರು. ಇವೆರಡೂ ತಪ್ಪು ಕಲ್ಪನೆಗಳೇ. 'ಮದುರೊ' ಎಂದು ಹೆಸರಾದ ಈ ಬಗೆಯ ಚುರುಟಿನ ಕಪ್ಪು ಬಣ್ಣವು ಒಂದು ಎಲೆ ಎಷ್ಟು ಕಾಲ, ಎಷ್ಟು ಕಾವಿನಲ್ಲಿ, ಎಂಥ ಎಚ್ಚರದಲ್ಲಿ ಮಾಗಿತು ಎಂಬುದರ ಗುರುತು. ಆ ಗುರುತನ್ನು ಓದಬಲ್ಲವರಿಗೆ ಮಾತ್ರ ಕಾಲ ಕೊಟ್ಟು ಮಾಗಿಸಿದ್ದು ಯಾವುದು, ಅವಸರದಲ್ಲಿ ಕಪ್ಪಾಗಿಸಿದ್ದು ಯಾವುದು ಎಂಬ ಭೇದ ತಿಳಿಯುತ್ತದೆ.

ಹೆಸರಿನಲ್ಲೇ ಅರ್ಥ: ಸ್ಪ್ಯಾನಿಶ್ ಭಾಷೆಯಲ್ಲಿ 'ಮದುರೊ' ಎಂದರೆ 'ಮಾಗಿದ' ಎಂದರ್ಥ. ಚುರುಟಿನ ಹೊರಮೈಯ ಬಣ್ಣವನ್ನು ಹೇಳಲು ಆ ವೃತ್ತಿಯವರು ಬಳಸುವ ಶಬ್ದಗಳಲ್ಲಿ ತಿಳಿಗಂದಿಗೆ ಕ್ಲಾರೊ, ಕೆಂಗಂದಿಗೆ ಕೊಲೊರಾಡೊ, ಕಡುಗಂದಿಗೆ ಮದುರೊ, ಬಹುತೇಕ ಕಪ್ಪೇ ಆದುದಕ್ಕೆ ಒಸ್ಕೂರೊ ಎಂಬ ಹೆಸರುಗಳಿವೆ. ಆದರೆ ಉಳಿದ ಹೆಸರುಗಳು ಬಣ್ಣವನ್ನಷ್ಟೇ ಸೂಚಿಸಿದರೆ, ಮದುರೊ ಎಂಬ ಹೆಸರು ಆ ಬಣ್ಣ ಬಂದ ದಾರಿಯನ್ನೂ ಸೂಚಿಸುತ್ತದೆ.

ಮೂರು ಪದರಗಳ ರಚನೆ: ಕೈಯಿಂದ ಸುತ್ತಿದ ಉತ್ತಮ ಚುರುಟಿನಲ್ಲಿ ಮೂರು ಭಾಗಗಳಿರುತ್ತವೆ. ಒಳಗೆ ಉದ್ದುದ್ದನೆಯ ಎಲೆಗಳ ತುಂಬು. ಅದನ್ನು ಬಿಗಿಯಾಗಿ ಹಿಡಿದಿಡುವ ಕಟ್ಟೆಲೆ. ಎಲ್ಲಕ್ಕೂ ಮೇಲೆ ಒಂದೇ ಒಂದು ಹೊದಿಕೆಯೆಲೆ. ಅಗ್ಗದ ಚುರುಟುಗಳಲ್ಲಿ ತುಂಬಿನ ಜಾಗಕ್ಕೆ ಎಲೆಯ ಚೂರುಗಳನ್ನು ಹಾಕುವುದುಂಟು. ಉತ್ತಮ ದರ್ಜೆಯದರಲ್ಲಿ ಇಡೀ ಎಲೆಗಳೇ ಇರುತ್ತವೆ. ಸಾಮಾನ್ಯವಾಗಿ ಮದುರೊ ಎನಿಸಿಕೊಳ್ಳುವುದು ಹೊದಿಕೆಯೆಲೆ ಮಾತ್ರ. ತೂಕದಲ್ಲಿ ಅದರ ಪಾಲು ಅತ್ಯಲ್ಪ. ಆದರೆ ತುಟಿಗೆ ತಾಗುವುದು ಅದೇ ಆದುದರಿಂದ ರುಚಿಯಲ್ಲಿ ಅದರ ಪ್ರಭಾವ ದೊಡ್ಡದು.

ಕನೆಕ್ಟಿಕಟ್ ಕಣಿವೆಯ ದಪ್ಪ ಎಲೆ: ಎಲ್ಲ ಎಲೆಗಳೂ ಮದುರೊ ಆಗಲಾರವು. ದೀರ್ಘಕಾಲದ ಕಾವನ್ನು ತಾಳಿಕೊಳ್ಳಲು ಎಲೆ ದಪ್ಪವಾಗಿರಬೇಕು, ಜಿಡ್ಡಿನಂಶ ಹೆಚ್ಚಿರಬೇಕು. ಮೆಕ್ಸಿಕೊದ ವೆರಾಕ್ರೂಸ್ ರಾಜ್ಯದ ಸಾನ್ ಆಂದ್ರೆಸ್ ಕಣಿವೆಯ ಜ್ವಾಲಾಮುಖಿ ಮಣ್ಣಿನಲ್ಲಿ ಬೆಳೆಯುವ ಎಲೆ ಹಾಗೂ ಬ್ರೆಜಿಲ್‌ನ ಬಾಯಿಯಾ ರಾಜ್ಯದ ಮಾಟಾ ಫೀನಾ ಎಲೆ ಇದಕ್ಕೆ ಹೆಸರುವಾಸಿ. ಆದರೆ ಮದುರೊಗೆ ಮಾದರಿಯೆಂದು ಬಹುಮಂದಿ ಎಣಿಸುವುದು ಅಮೆರಿಕದ ಕನೆಕ್ಟಿಕಟ್ ನದಿ ಕಣಿವೆಯ 'ಬ್ರಾಡ್‌ಲೀಫ್' ತಳಿಯನ್ನು.

ಅದೇ ಕಣಿವೆಯಲ್ಲಿ ತೆಳುಬಟ್ಟೆಯ ಚಪ್ಪರದಡಿ ಬೆಳೆಯುವ ಇನ್ನೊಂದು ತಳಿಯಿದೆ. ನೆರಳಿನಲ್ಲಿ ಬೆಳೆದ ಅದರ ಎಲೆ ನವಿರು, ಬಣ್ಣ ತಿಳಿ. ಅದನ್ನು ಒಂದೊಂದಾಗಿ ಬಿಡಿಸುತ್ತಾರೆ. ಬ್ರಾಡ್‌ಲೀಫ್ ಹಾಗಲ್ಲ. ಅದು ಬಯಲಿನ ಬಿಸಿಲಿನಲ್ಲೇ ಬೆಳೆಯುತ್ತದೆ. ಹೂವಿನ ತುದಿಯನ್ನು ಮುರಿದು, ಗಿಡದ ಸತ್ವವೆಲ್ಲ ಎಲೆಗೇ ಹೋಗುವಂತೆ ಮಾಡುತ್ತಾರೆ. ಬೇಸಿಗೆಯ ಕೊನೆಯಲ್ಲಿ ಇಡೀ ಗಿಡವನ್ನೇ ಬುಡಸಮೇತ ಕಡಿದು, ಹೊಲದಲ್ಲೇ ಬಾಡಲು ಬಿಟ್ಟು, ಬಳಿಕ ಮರದ ಪಟ್ಟಿಗಳಿಗೆ ದಂಟನ್ನು ಚುಚ್ಚಿ ಕೊಟ್ಟಿಗೆಯಲ್ಲಿ ತಲೆಕೆಳಗಾಗಿ ತೂಗುಹಾಕುತ್ತಾರೆ. ಕೊಟ್ಟಿಗೆಯ ಗೋಡೆಯ ಹಲಗೆಗಳನ್ನು ತೆರೆದು ಮುಚ್ಚುತ್ತ ಗಾಳಿಯನ್ನು ಹತೋಟಿಯಲ್ಲಿಡುತ್ತಾರೆ. ವಾರಗಟ್ಟಲೆ ಹೀಗೆ ನೇತಾಡುವ ಎಲೆ ಹಸಿರಿನಿಂದ ಹಳದಿಗೆ, ಹಳದಿಯಿಂದ ಕಂದಿಗೆ ಹೊರಳುತ್ತದೆ. ಈ ಅವಧಿಯಲ್ಲಿ ಎಲೆಯೊಳಗಿನ ಪಿಷ್ಟ ಸಕ್ಕರೆಯಾಗಿ, ಆ ಸಕ್ಕರೆಯೂ ಬಹುಪಾಲು ಕರಗಿಹೋಗುತ್ತದೆ.

ಕರ್ನಾಟಕದ ಓದುಗರಿಗೆ ಹುಣಸೂರು, ಪಿರಿಯಾಪಟ್ಟಣ, ರಾಮನಾಥಪುರದ ಸುತ್ತಿನ ಹೊಗೆಸೊಪ್ಪು ಚಿರಪರಿಚಿತ. ಅಲ್ಲಿಯ ಕ್ರಮ ಇದಕ್ಕೆ ತೀರ ವಿರುದ್ಧವಾದುದು. ರೈತರು ಬ್ಯಾರನ್‌ನಲ್ಲಿ ಉರಿಯ ಕಾವು ಹಾಯಿಸಿ ಸುಮಾರು ಒಂದು ವಾರದಲ್ಲೇ ಎಲೆಯನ್ನು ಹದಗೊಳಿಸುತ್ತಾರೆ. ಹಳದಿ ಬಣ್ಣ ಬಂದೊಡನೆ ಕಾವು ಏರಿಸುವುದರಿಂದ ಬಣ್ಣವೂ ಸಕ್ಕರೆಯೂ ಎಲೆಯಲ್ಲೇ ನಿಂತುಬಿಡುತ್ತವೆ. ಸಿಗರೇಟಿಗೆ ಬೇಕಾದುದು ಆ ಎಲೆ. ಚುರುಟಿನ ಎಲೆಯಾದರೋ ತನ್ನ ಸಕ್ಕರೆಯನ್ನು ಕಳೆದುಕೊಂಡೇ ಹದಕ್ಕೆ ಬರುತ್ತದೆ. ಈ ಒಂದು ವ್ಯತ್ಯಾಸವೇ ಎರಡರ ಹೊಗೆಯ ಗುಣವನ್ನೂ, ಅವು ದೇಹದ ಮೇಲೆ ಮಾಡುವ ಪರಿಣಾಮದ ಬಗೆಯನ್ನೂ ಬೇರೆಯಾಗಿಸುತ್ತದೆ.

ರಾಶಿಯೊಳಗಿನ ಕಾವು: ಒಣಗಿದ ಎಲೆ ಕೂಡಲೇ ಚುರುಟಿಗೆ ಒದಗದು. ಅದಕ್ಕೆ ಹುದುಗು ಬರಬೇಕು. ತೇವಗೊಳಿಸಿದ ಎಲೆಗಳನ್ನು ಕಟ್ಟುಗಳಾಗಿ ಮಾಡಿ ಆಳೆತ್ತರಕ್ಕೆ ಒತ್ತಾಗಿ ಪೇರಿಸುತ್ತಾರೆ. ಈ ರಾಶಿಗೆ ಸ್ಪ್ಯಾನಿಶ್‌ನಲ್ಲಿ 'ಪಿಲೋನ್' ಎನ್ನುತ್ತಾರೆ. ಹೊರಗಿನಿಂದ ಬೆಂಕಿಯ ಸೋಂಕಿಲ್ಲದಿದ್ದರೂ ರಾಶಿಯ ಭಾರ, ತೇವ ಮತ್ತು ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಅದರ ಒಡಲು ತಾನಾಗಿ ಬಿಸಿಯೇರುತ್ತದೆ. ಹಸಿ ಹುಲ್ಲಿನ ಬಣವೆಯೊಳಗೆ ಕೈಯಿಟ್ಟವರಿಗೆ ಈ ಕಾವು ಹೊಸದಲ್ಲ. ರಾಶಿಯ ನಡುವೆ ಉಷ್ಣಮಾಪಕವನ್ನಿಟ್ಟು ದಿನವೂ ನೋಡುತ್ತ, ಕಾವು ಮಿತಿ ಮೀರುವ ಮುನ್ನ ರಾಶಿಯನ್ನು ಕೆಡವಿ, ಒಳಗಿನ ಎಲೆ ಹೊರಗೆ, ಹೊರಗಿನದು ಒಳಗೆ ಬರುವಂತೆ ಮತ್ತೆ ಪೇರಿಸುತ್ತಾರೆ. ಅಮೋನಿಯದ ಘಾಟು ಗಾಳಿಗೆ ಹೋಗುತ್ತದೆ, ಕಹಿ ಇಳಿಯುತ್ತದೆ, ನಿಕೋಟಿನ್‌ನ ಅಂಶವೂ ತುಸು ತಗ್ಗುತ್ತದೆ.

ಮದುರೊ ಎಲೆಗೆ ಈ ಕ್ರಿಯೆ ಇತರ ಎಲೆಗಳಿಗಿಂತ ಹೆಚ್ಚು ಕಾವಿನಲ್ಲಿ, ಹೆಚ್ಚು ಕಾಲ ನಡೆಯುತ್ತದೆ. ಹಲವು ಬಾರಿ ರಾಶಿ ಮಗುಚಿದ ಮೇಲೂ ಎಲೆಯನ್ನು ಮೂಟೆಗಳಲ್ಲಿ ಕಟ್ಟಿ ವರ್ಷಗಟ್ಟಲೆ ಇರಿಸುವುದುಂಟು. ಕ್ಯೂಬಾದ ಕೊಹಿಬಾ ಹೆಸರಿನಲ್ಲಿ 2007ರಲ್ಲಿ ಹೊರಬಂದ 'ಮದುರೊ 5' ಸರಣಿಯ ಹೆಸರಿನಲ್ಲಿರುವ 5 ಎಂಬ ಅಂಕಿಯೇ ಹೊದಿಕೆಯೆಲೆ ಐದು ವರ್ಷ ಮಾಗಿತೆಂಬುದರ ಸೂಚನೆ. ಈ ಅವಧಿಯಲ್ಲಿ ಕಾವು ಒಂದಿಷ್ಟು ಹೆಚ್ಚಾದರೆ ಎಲೆ ಕೊಳೆತು ಪುಡಿಯಾಗುತ್ತದೆ; ಕಡಿಮೆಯಾದರೆ ಬಣ್ಣ ಮಚ್ಚೆಮಚ್ಚೆಯಾಗಿ ಉಳಿಯುತ್ತದೆ. ಒಂದು ಬೆಳೆಯಲ್ಲಿ ಕಲೆಯಿಲ್ಲದ ಮದುರೊ ಹೊದಿಕೆಯಾಗಿ ಉಳಿದು ಬರುವ ಎಲೆಗಳು ಕೆಲವೇ. ಬೆಲೆಯ ಹಿಂದಿರುವ ಕಾರಣಗಳಲ್ಲಿ ಇದೂ ಒಂದು.

ಅಡ್ಡದಾರಿಗಳು: ಕಾಲಕ್ಕೆ ಬೆಲೆಯಿರುವಲ್ಲಿ ಕಾಲವನ್ನು ಕದಿಯುವ ಯತ್ನವೂ ಇರುತ್ತದೆ. ಎಲೆಯನ್ನು ಹಬೆಯಲ್ಲಿ ಬೇಯಿಸಿ ಬೇಗನೆ ಕಪ್ಪಾಗಿಸುವುದು ಒಂದು ದಾರಿ. ಬಣ್ಣ ಬಳಿಯುವುದು ಇನ್ನೊಂದು. ಇಂಥ ಎಲೆ ಕಣ್ಣಿಗೆ ಮದುರೊ, ನಾಲಿಗೆಗೆ ಬರಿ ಕಹಿ. ಪರೀಕ್ಷೆ ಕಷ್ಟವಲ್ಲ. ಬಿಳಿಯ ಬಟ್ಟೆಯ ತುದಿಯನ್ನು ಒದ್ದೆಮಾಡಿ ಹೊದಿಕೆಯ ಮೇಲೆ ಮೆಲ್ಲಗೆ ಒತ್ತಿದಾಗ ತಿಳಿಗಂದು ಕಲೆ ಮೂಡಿದರೆ ಆತಂಕ ಬೇಡ. ಅದು ಎಲೆಯ ಸಹಜ ರಸ. ಗಾಢವಾದ ಬಣ್ಣ ಧಾರಾಳವಾಗಿ ಇಳಿದು ಬಂದರೆ ಸಂಶಯಕ್ಕೆ ಎಡೆಯಿದೆ. ಇಡೀ ಚುರುಟು ಒಂದೇ ಸಮನೆ ಶಾಯಿ ಹೊಯ್ದಂತೆ ಕಪ್ಪಾಗಿರುವುದೂ ಅನುಮಾನಕ್ಕೆ ಕಾರಣವೇ. ತಾನಾಗಿ ಮಾಗಿದ ಎಲೆಯಲ್ಲಿ ನರಗಳ ಬಳಿ, ಅಂಚಿನ ಬಳಿ ಛಾಯೆ ತುಸುವಾದರೂ ಬದಲಾಗುತ್ತದೆ.

ಕಪ್ಪು ಮತ್ತು ಕಡುಪು: ಕಪ್ಪು ಚುರುಟು ಹೆಚ್ಚು ಕಡುಪು ಎಂಬ ನಂಬಿಕೆಗೆ ಆಧಾರವಿಲ್ಲ. ಚುರುಟಿನ ಕಡುಪನ್ನು ನಿರ್ಧರಿಸುವುದು ಒಳತುಂಬು. ಗಿಡದ ಕೆಳಗಿನ ಎಲೆ ವೊಲಾಡೊ, ನಡುವಿನದು ಸೆಕೊ, ಬಿಸಿಲಿಗೆ ಹೆಚ್ಚು ಮೈಯೊಡ್ಡಿದ ತುದಿಯ ಎಲೆ ಲಿಹೆರೊ. ಲಿಹೆರೊದಲ್ಲಿ ನಿಕೋಟಿನ್ ಹೆಚ್ಚು. ತುಂಬಿನಲ್ಲಿ ಅದರ ಪ್ರಮಾಣ ಹೆಚ್ಚಿದ್ದರೆ ತಿಳಿಬಣ್ಣದ ಚುರುಟೂ ತಲೆ ತಿರುಗಿಸೀತು. ಇಲ್ಲದಿದ್ದರೆ ಕಡುಗಪ್ಪಿನದೂ ಸೌಮ್ಯವಾಗಿರುತ್ತದೆ. ಕಾಫಿಬೀಜವನ್ನು ಕಪ್ಪಗೆ ಹುರಿದ ಮಾತ್ರಕ್ಕೆ ಕೆಫೀನ್ ಹೆಚ್ಚುವುದಿಲ್ಲ, ರುಚಿ ಮಾತ್ರ ಬದಲಾಗುತ್ತದೆ, ಇಲ್ಲಿಯೂ ಹಾಗೆಯೇ. 1964ರಲ್ಲಿ ಮಯಾಮಿಯಲ್ಲಿ ಆರಂಭವಾಗಿ ಮುಂದೆ ನಿಕರಾಗುವಾದಲ್ಲಿ ಬೇರೂರಿದ ಪಡ್ರೋನ್‌ನಂಥ ತಯಾರಕರು ಒಂದೇ ಚುರುಟನ್ನು ಸಹಜ, ಮದುರೊ ಎಂಬ ಎರಡು ಹೊದಿಕೆಗಳಲ್ಲಿ ಹೊರತರುತ್ತಾರೆ. ಅಂಥ ಜೋಡಿಯನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ಹೊದಿಕೆಯ ಪಾಲೆಷ್ಟು ಎಂಬುದು ಸ್ಪಷ್ಟವಾಗುತ್ತದೆ.

ಕಣ್ಣು, ಮೂಗು, ನಾಲಿಗೆ: ಚುರುಟಿನ ಪರೀಕ್ಷೆ ಬೆಂಕಿಗೆ ಮುಂಚೆಯೇ ಆರಂಭವಾಗುತ್ತದೆ. ಬ್ರಾಡ್‌ಲೀಫ್ ಹೊದಿಕೆ ನುಣುಪಾಗಿರುವುದಿಲ್ಲ. ದಪ್ಪ ನರಗಳು, ಸಣ್ಣ ಸಣ್ಣ ಉಬ್ಬುಗಳು, ಎಣ್ಣೆ ಸವರಿದಂಥ ಹೊಳಪು ಅದರ ಲಕ್ಷಣ. ಒರಟುತನ ಇಲ್ಲಿ ದೋಷವಲ್ಲ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ತಗ್ಗಿ ಮತ್ತೆ ಮೇಲೇಳಬೇಕು. ಗಟ್ಟಿ ಗಂಟುಗಳಿದ್ದರೆ ಹೊಗೆ ಸರಾಗವಾಗಿ ಬಾರದು. ಹೊತ್ತಿಸುವ ತುದಿಯನ್ನು ಮೂಸಿದಾಗ ಒಣದ್ರಾಕ್ಷಿ, ಕೋಕೊ, ಒದ್ದೆ ಮಣ್ಣು, ಕೆಲವೊಮ್ಮೆ ದನದ ಕೊಟ್ಟಿಗೆಯ ವಾಸನೆ ಬರುವುದು ಸಹಜ. ಅಮೋನಿಯದ ಘಾಟು ಬಂದರೆ ಎಲೆ ಇನ್ನೂ ಮಾಗಿಲ್ಲವೆಂದೇ ತಿಳಿಯಬೇಕು.

ಬಾಯಿಗಿಡುವ ತುದಿಯಲ್ಲಿ ಹೊದಿಕೆಯನ್ನು ಮುಚ್ಚಿರುವ ಟೊಪ್ಪಿಗೆಯನ್ನಷ್ಟೇ ಕತ್ತರಿಸಬೇಕು. ಅದರ ಗೆರೆಯ ಕೆಳಗೆ ಕತ್ತರಿಸಿದರೆ ಹೊದಿಕೆ ಬಿಚ್ಚಿಕೊಳ್ಳುತ್ತದೆ. ಮೇಣದಬತ್ತಿಯಿಂದಾಗಲಿ ಪೆಟ್ರೋಲ್ ಲೈಟರಿನಿಂದಾಗಲಿ ಹೊತ್ತಿಸಿದರೆ ಅವುಗಳ ವಾಸನೆ ಎಲೆಗೆ ಹತ್ತುತ್ತದೆ. ದಪ್ಪ ಎಲೆ ನಿಧಾನವಾಗಿ ಉರಿಯುವುದರಿಂದ ಅಂಚಿಗೆ ಸುತ್ತಲೂ ಸಮನಾಗಿ ಕಾವು ತಾಗಿಸುವುದು ಮುಖ್ಯ. ಆತುರ ಇಲ್ಲಿಯೂ ಸಲ್ಲದು. ಒಂದು ನಿಮಿಷಕ್ಕೊಮ್ಮೆ ಎಳೆದರೆ ಸಾಕು. ಪದೇಪದೇ ಎಳೆದರೆ ಹೊಗೆ ಕಾದು, ವರ್ಷಗಟ್ಟಲೆ ಮಾಗಿ ಬಂದ ರುಚಿಯೆಲ್ಲ ಕಹಿಯಾಗುತ್ತದೆ. ಹದವಾದ ಮದುರೊದಲ್ಲಿ ಹುರಿದ ಕಾಫಿಬೀಜ, ಖರ್ಜೂರ, ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ಪಾಕ, ಕೊನೆಯಲ್ಲಿ ಕರಿಮೆಣಸು ಇವುಗಳ ನೆನಪು ತರುವ ರುಚಿಗಳು ಒಂದಾದ ಮೇಲೊಂದರಂತೆ ಬರುತ್ತವೆ. ಮೊದಲ ಭಾಗ, ನಡುಭಾಗ, ಕೊನೆಯ ಭಾಗಗಳಲ್ಲಿ ಈ ರುಚಿ ಬದಲಾಗುವುದೇ ಉತ್ತಮ ಚುರುಟಿನ ಲಕ್ಷಣ. ಸಿಹಿಯ ಅನುಭವವಾದರೂ ಅದು ಸಕ್ಕರೆ ಬೆರೆಸಿದ್ದರಿಂದ ಬಂದುದಲ್ಲ. ತುದಿಗೆ ಸಿಹಿ ಸವರಿದ ಚುರುಟುಗಳು ಈ ದರ್ಜೆಗೆ ಸೇರುವುದಿಲ್ಲ.

ಕಾಪಿಡುವ ಕಷ್ಟ: ಮಾಗಿದ ಎಲೆ ಗಾಳಿಯ ತೇವಕ್ಕೆ ಸದಾ ಸ್ಪಂದಿಸುತ್ತದೆ. ಶೇ. 65ರಿಂದ 70ರಷ್ಟು ಆರ್ದ್ರತೆ, 18ರಿಂದ 21 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇದಕ್ಕೆ ಹಿತ. ಮಂಗಳೂರಿನ ಮಳೆಗಾಲದಲ್ಲಿ ತೆರೆದಿಟ್ಟ ಚುರುಟು ಬೂಷ್ಟು ಹಿಡಿದೀತು. ಕಲಬುರಗಿಯ ಬೇಸಿಗೆಯಲ್ಲಿ ಹೊದಿಕೆ ಬಿರುಕು ಬಿಟ್ಟೀತು. ಸೆಕೆ ಹೆಚ್ಚಾದರೆ ಎಲೆಯೊಳಗೆ ಅಡಗಿರುವ ತಂಬಾಕು ಹುಳುವಿನ ಮೊಟ್ಟೆಗಳು ಒಡೆದು, ಸೂಜಿ ಚುಚ್ಚಿದಂಥ ತೂತುಗಳು ಕಾಣಿಸಿಕೊಳ್ಳುತ್ತವೆ. ಮೇಲ್ಮೈಯಲ್ಲಿ ಬಿಳಿಯ ಹತ್ತಿಯಂಥ ಬೆಳವಣಿಗೆ ಕಂಡರೆ ಅದು ಹಳತನದ ಹೆಗ್ಗುರುತೆಂದು ಬೀಗಬೇಕಾಗಿಲ್ಲ, ಬೂಷ್ಟೇ ಇರಬೇಕು.

ಮರೆಯಬಾರದ ಮಾತು: ಎಲೆ ಎಷ್ಟೇ ಮಾಗಿದರೂ ಅದು ಹೊಗೆಸೊಪ್ಪೇ. ಸಕ್ಕರೆ ಕಳೆದುಕೊಂಡ ಚುರುಟಿನ ಎಲೆಯ ಹೊಗೆ ಕ್ಷಾರಗುಣದ್ದು. ಆದುದರಿಂದ ಹೊಗೆಯನ್ನು ಎದೆಗೆ ಎಳೆದುಕೊಳ್ಳದಿದ್ದರೂ ನಿಕೋಟಿನ್ ಬಾಯಿಯ ಒಳಪೊರೆಯ ಮೂಲಕವೇ ರಕ್ತವನ್ನು ಸೇರುತ್ತದೆ. 'ಒಳಗೆಳೆಯುವುದಿಲ್ಲ, ಹಾಗಾಗಿ ಅಪಾಯವಿಲ್ಲ' ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ದೊಡ್ಡ ಚುರುಟೊಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರುವುದುಂಟು. ಚುರುಟು ಸೇದುವವರಿಗೆ ಬಾಯಿ, ಗಂಟಲು, ಅನ್ನನಾಳ ಮತ್ತು ಶ್ವಾಸಕೋಶದ ಕ್ಯಾನ್ಸರಿನ ಅಪಾಯವಿದೆಯೆಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲೇ ವಿಸ್ತಾರವಾದ ವರದಿಯಲ್ಲಿ ಹೇಳಿದೆ. ಮದುರೊ ಹೊದಿಕೆಯಿಂದ ಈ ಅಪಾಯ ತಗ್ಗದು. ಹೊಲದಲ್ಲಿ ಒದ್ದೆ ಎಲೆಯನ್ನು ಕೊಯ್ಯುವವರ ಚರ್ಮದ ಮೂಲಕವೂ ನಿಕೋಟಿನ್ ಇಳಿದು ವಾಂತಿ, ತಲೆಸುತ್ತು ತರುತ್ತದೆ. ಎಲೆಯ ಬೆಲೆಯನ್ನು ಎಣಿಸುವಾಗ ಆ ಕೈಗಳನ್ನೂ ಎಣಿಸಬೇಕು. ಭಾರತದಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ನಿಯಮಗಳು 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿವೆ. ಅವು ಚುರುಟಿಗೂ ಅನ್ವಯಿಸುತ್ತವೆ.

ಹಾಗಾದರೆ ಮದುರೊವನ್ನು ಮೆಚ್ಚುವುದೆಂದರೇನು? ಎಂದೂ ಚುರುಟು ಮುಟ್ಟದವರೂ ಮೆಚ್ಚಬಹುದಾದ ಅಂಶ ಅದರಲ್ಲಿದೆ. ಬೇಸಾಯ, ಗಾಳಿ, ತೇವ, ಕಾವು ಮತ್ತು ಕಾಯುವ ಮನಸ್ಸು ಸೇರಿ ಒಂದು ಒರಟು ಎಲೆಗೆ ಹದ ತಂದ ಬಗೆಯೇ ಆ ಅಂಶ. ಸೇದುವವರಿಗಂತೂ ಅದರಿಂದ ಕಲಿಯುವ ಪಾಠ ಸರಳ: ಬಣ್ಣಕ್ಕೆ ಮರುಳಾಗಬಾರದು, ಅದರ ಹಿಂದಿನ ಕಾಲವನ್ನು ವಿಚಾರಿಸಬೇಕು, ರುಚಿಯನ್ನು ಅರಿಯುವಷ್ಟೇ ಶ್ರದ್ಧೆಯಿಂದ ಅದಕ್ಕೆ ತೆರಬೇಕಾದ ಬೆಲೆಯನ್ನೂ ಅರಿತಿರಬೇಕು.