ಎಸಿ ಬೆಲೆ ಅಂಗಡಿಯಲ್ಲಿ, ಖರ್ಚು ಮನೆಯಲ್ಲಿ

ಶಿವಮೊಗ್ಗ ಅಂದರೆ ಮಲೆನಾಡಿನ ಹೆಬ್ಬಾಗಿಲು, ಅಲ್ಲೆಂಥ ಸೆಕೆ ಅಂತ ಹೊರಗಿನವರು ಕೇಳುತ್ತಾರೆ. ಅವರನ್ನು ಏಪ್ರಿಲ್‌ನಲ್ಲಿ ಒಂದು ರಾತ್ರಿ ನಮ್ಮ ಕೋಟೆ ಭಾಗದ ಮನೆಯಲ್ಲಿ ಮಲಗಿಸಬೇಕು. ತುಂಗೆ ಪಕ್ಕದಲ್ಲೇ ಹರಿಯುತ್ತಾಳೆ, ಗಾಳಿ ಮಾತ್ರ ಮನೆಯೊಳಗೆ ಬರುವುದಿಲ್ಲ. ಹಗಲೆಲ್ಲ ಕಾದ ಹೆಂಚು ಮಧ್ಯರಾತ್ರಿಯವರೆಗೂ ಶಾಖ ಬಿಡುತ್ತಿರುತ್ತದೆ. ಅಜ್ಜಿಗೆ ಹೃದಯದ ತೊಂದರೆ ಶುರುವಾದ ಮೇಲೆ ಬೇಸಿಗೆಯಲ್ಲಿ ನಿದ್ದೆಯೇ ಇಲ್ಲ ಅನ್ನುವಂತಾಯಿತು. ಹಾಗಾಗಿ ಈ ಸಲ ಸಂಕ್ರಾಂತಿ ಮುಗಿಯುತ್ತಿದ್ದಂತೆ ಎಸಿ ವಿಚಾರಿಸುವ ಕೆಲಸ ನನ್ನ ತಲೆಗೆ ಬಂತು.

ನೆಹರು ರಸ್ತೆಯ ಅಂಗಡಿಗಳನ್ನು ಸುತ್ತಿದಾಗ ಮೊದಲು ಸಿಕ್ಕಿದ್ದು ಒಳ್ಳೆಯ ಸುದ್ದಿ. 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಮೊದಲು 40 ಸಾವಿರ ಇದ್ದ ಎಸಿಯಲ್ಲಿ ಇದರಿಂದ ಸುಮಾರು 3 ಸಾವಿರ ಉಳಿತಾಯ. ಒಂದು ಟನ್, ಮೂರು ಸ್ಟಾರ್‌ನ ಇನ್ವರ್ಟರ್ ಎಸಿ 31 ಸಾವಿರಕ್ಕೆ ಸಿಗುತ್ತದೆ ಎಂದಾಗ ಅಪ್ಪನ ಮುಖ ಅರಳಿತು. ಅದನ್ನು ಕೂರಿಸಲು ತಗಲುವ ಖರ್ಚು ಕೇಳಿದ ಮೇಲೆ ಅಷ್ಟೇ ಬೇಗ ಬಾಡಿತು.

‘ಟನ್’ ಅಂದರೆ ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ, ಅಷ್ಟು ಶಾಖವನ್ನು ಕೋಣೆಯಿಂದ ಹೊರಹಾಕುವ ಶಕ್ತಿ. ಹತ್ತಡಿಗೆ ಹತ್ತಡಿ ಕೋಣೆಗೆ ಒಂದು ಟನ್ ಸಾಕು. ಕೋಣೆ ದೊಡ್ಡದಿದ್ದರೆ ಅಥವಾ ಬಿಸಿಲು ನೇರ ಬೀಳುವ ತಾರಸಿಯ ಕೆಳಗಿದ್ದರೆ ಒಂದೂವರೆ ಟನ್ ಬೇಕಾಗಬಹುದು.

ನಮ್ಮ ಸಮಸ್ಯೆ ಕೋಣೆಯ ಅಳತೆಯದಲ್ಲ, ಮನೆಯದು. ಕೋಟೆ ಭಾಗದ ಹಳೆಯ ಮನೆಗಳು ಅಗಲ ಕಡಿಮೆ, ಉದ್ದ ಜಾಸ್ತಿ, ಗೋಡೆಗೆ ಗೋಡೆ ತಾಗಿದಂಥವು. ಅಜ್ಜಿಯ ಕೋಣೆ ನಡುಮನೆಯ ಪಕ್ಕದಲ್ಲಿದ್ದು, ಅದಕ್ಕೆ ಹೊರಗೋಡೆಯೇ ಇಲ್ಲ. ಹೊರಗಿನ ಯೂನಿಟ್ ಹಿತ್ತಲಿನಲ್ಲೇ ಕೂರಬೇಕು. ಎಸಿ ಜೊತೆ ಸಾಮಾನ್ಯವಾಗಿ 3 ಮೀಟರ್ ತಾಮ್ರದ ಪೈಪ್ ಕೊಡುತ್ತಾರೆ, ನಮಗೆ ಬೇಕಾಗಿದ್ದು 8 ಮೀಟರ್. ಉಳಿದ 5 ಮೀಟರ್‌ಗೆ 4,500 ರೂಪಾಯಿ. ಪಕ್ಕದ ಮನೆಯವರ ಕಿಟಕಿಗೆ ಬಿಸಿಗಾಳಿ ಹೊಡೆಯಬಾರದು, ಡ್ರೈನ್ ನೀರು ಅವರ ಅಂಗಳಕ್ಕೆ ತೊಟ್ಟಿಕ್ಕಬಾರದು. ಇದಕ್ಕೆ ದುಡ್ಡು ಬೀಳುವುದಿಲ್ಲ, ಆದರೆ ಮೊದಲೇ ಯೋಚಿಸದಿದ್ದರೆ ನೆರೆಹೊರೆಯ ಸಂಬಂಧ ಕೆಡುತ್ತದೆ.

ಎರಡನೆಯದು ಸೂರು. ಹೆಂಚಿನ ಸಂದುಗಳಲ್ಲಿ ಬೆಳಕೇ ಬರುತ್ತದೆ ಎಂದ ಮೇಲೆ ತಂಪು ಹೊರಗೆ ಹೋಗದಿರುತ್ತದೆಯೇ? ಕೆಳಗೆ ಫಾಲ್ಸ್ ಸೀಲಿಂಗ್ ಹಾಕದೆ ಎಸಿ ಕೂರಿಸಿದರೆ ತೂತು ಬಿಂದಿಗೆಗೆ ನೀರು ತುಂಬಿದಂತೆ. ಅದಕ್ಕೆ 8 ಸಾವಿರ.

ಮೂರನೆಯದು ವೈರಿಂಗ್. ಭದ್ರಾವತಿಯ ನ್ಯೂಟೌನ್‌ನಲ್ಲಿರುವ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಹಳೆಯ ಪ್ಲಗ್ ಪಾಯಿಂಟ್‌ಗೇ ಎಸಿ ಸಿಕ್ಕಿಸಿದ್ದರು. ಎರಡನೇ ವಾರಕ್ಕೆ ಗೋಡೆಯೊಳಗಿನ ವೈರ್ ಸುಟ್ಟ ವಾಸನೆ ಬಂತು. ಎಚ್ಚರವಿದ್ದ ಚಿಕ್ಕಮ್ಮ ಮೇನ್ ಆಫ್ ಮಾಡಿದ್ದರಿಂದ ಬಚಾವಾದರು. ಎಸಿಗೆ ಮೇನ್ ಬೋರ್ಡಿನಿಂದಲೇ ಬೇರೆ ವೈರ್, ಪ್ರತ್ಯೇಕ ಎಂಸಿಬಿ, 16 ಆಂಪಿಯರ್ ಸಾಕೆಟ್ ಮತ್ತು ಸರಿಯಾದ ಅರ್ಥಿಂಗ್ ಬೇಕೇ ಬೇಕು. ಇಲ್ಲಿ ಮಾತ್ರ ಚೌಕಾಸಿ ಬೇಡ. ಭರಣಿ ಮಳೆ ಗುಡುಗು ಸಿಡಿಲಿನ ಜೊತೆ ಬರುವಾಗ ನಮ್ಮಲ್ಲಿ ವೋಲ್ಟೇಜ್ ಕುಣಿಯುವುದು ಎಲ್ಲರಿಗೂ ಗೊತ್ತು. ಹಾಗಾಗಿ ಸ್ಟೆಬಿಲೈಸರ್ ಕೂಡ ತೆಗೆದುಕೊಂಡೆವು.

ನಮ್ಮ ಮನೆಯ ಪಟ್ಟಿ ಹೀಗಾಯಿತು: ಎಸಿ 31,000, ಫಿಟ್ಟಿಂಗ್ 1,500, ಹೆಚ್ಚುವರಿ ಪೈಪ್ 4,500, ಹೊರಗಿನ ಯೂನಿಟ್‌ಗೆ ಸ್ಟ್ಯಾಂಡ್ 800, ವೈರಿಂಗ್ 4,000, ಸ್ಟೆಬಿಲೈಸರ್ 2,500, ಸೀಲಿಂಗ್ 8,000. ಒಟ್ಟು 52,300 ರೂಪಾಯಿ. ನಿಮ್ಮದು ಹೊಸ ಆರ್‌ಸಿಸಿ ಮನೆಯಾಗಿದ್ದು ಕೋಣೆಗೆ ಹೊರಗೋಡೆ ಇದ್ದರೆ ಇದರಲ್ಲಿ ಅರ್ಧದಷ್ಟು ಬಾಬ್ತು ತಾನಾಗಿ ಬಿಟ್ಟುಹೋಗುತ್ತದೆ.

ಐದು ಸ್ಟಾರ್ ಏಕೆ ಬೇಡ ಎಂದು ಸೇಲ್ಸ್‌ಮನ್ ಕೇಳಿದ. ಅದಕ್ಕೆ 6 ಸಾವಿರ ಜಾಸ್ತಿ. ಸ್ಟಾರ್ ಲೇಬಲ್ ಮೇಲಿನ ವಾರ್ಷಿಕ ಯೂನಿಟ್ ಲೆಕ್ಕ ವರ್ಷಕ್ಕೆ 1,600 ಗಂಟೆ ಓಡಿಸಿದರೆ ಬರುವಂಥದ್ದು. ನಮ್ಮೂರಲ್ಲಿ ಜೂನ್‌ಗೆ ಮಳೆ ಹಿಡಿದರೆ ಎಸಿ ರಿಮೋಟ್ ಎಲ್ಲಿದೆ ಎಂಬುದೇ ಮರೆತುಹೋಗುತ್ತದೆ. ತೊಂಬತ್ತು ರಾತ್ರಿ, ದಿನಕ್ಕೆ ಆರು ಗಂಟೆ ಅಂದರೂ 540 ಗಂಟೆ. ಲೇಬಲ್‌ನಲ್ಲಿ ಎರಡರ ನಡುವೆ 200 ಯೂನಿಟ್ ವ್ಯತ್ಯಾಸ ಇದೆ ಎಂದಿಟ್ಟುಕೊಳ್ಳಿ. ನಮ್ಮ ಬಳಕೆಗೆ ಅದು 70 ಯೂನಿಟ್ಟೂ ಆಗುವುದಿಲ್ಲ. ವರ್ಷಕ್ಕೆ ನಾಲ್ಕುನೂರು ಚಿಲ್ಲರೆ ರೂಪಾಯಿ ಉಳಿಸಲು 6 ಸಾವಿರ ಕೊಡುವುದೇ? ವರ್ಷವಿಡೀ ಎಸಿ ಹಾಕುವ ಊರಿನವರಿಗೆ ಐದು ಸ್ಟಾರ್ ಸರಿ, ನಮ್ಮ ಲೆಕ್ಕವೇ ಬೇರೆ.

ಯಾವ ಅಂಗಡಿಯವರೂ ಹೇಳದ ಖರ್ಚು ಇನ್ನೊಂದಿದೆ: ಗೃಹಜ್ಯೋತಿ. 2023ರಿಂದ ನಮ್ಮ ಮನೆಗೆ ಮೆಸ್ಕಾಂನಿಂದ ಶೂನ್ಯ ಬಿಲ್ ಬರುತ್ತಿದೆ. 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಯೂನಿಟ್ ಉಚಿತ. ನಮ್ಮ ಸರಾಸರಿ 100, ಹಾಗಾಗಿ ಮಿತಿ 110. ಅದನ್ನು ದಾಟಿದರೂ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ಹಣ. 200 ದಾಟಿದ ತಿಂಗಳು ಪೂರ್ತಿ ಬಿಲ್ ನಾವೇ ಕಟ್ಟಬೇಕು.

ಈಗ ಲೆಕ್ಕ ನೋಡಿ. ಎಸಿ ಗಂಟೆಗೆ ಸರಾಸರಿ 0.7 ಯೂನಿಟ್ ಎಳೆಯುತ್ತದೆ ಎಂದುಕೊಳ್ಳೋಣ. ದಿನಕ್ಕೆ ನಾಲ್ಕು ಗಂಟೆ ಹಾಕಿದರೆ ತಿಂಗಳಿಗೆ 84 ಯೂನಿಟ್, ಮನೆಯದು ಸೇರಿ 184. ಹೆಚ್ಚುವರಿ 74 ಯೂನಿಟ್‌ಗೆ ಹೆಚ್ಚೂಕಡಿಮೆ 500 ರೂಪಾಯಿ. ಅದೇ ಆರು ಗಂಟೆ ಹಾಕಿದರೆ 126 ಯೂನಿಟ್, ಒಟ್ಟು 226. ಆಗ ಯೂನಿಟ್‌ಗೆ 6 ರೂಪಾಯಿ ಚಿಲ್ಲರೆಯಂತೆ ಪೂರ್ತಿ ದರ, ನಿಗದಿತ ಶುಲ್ಕ, ತೆರಿಗೆ ಎಲ್ಲ ಕೂಡಿ 1,700 ರೂಪಾಯಿಯ ಮೇಲೆ ಹೋಗುತ್ತದೆ. ದಿನಕ್ಕೆ ಎರಡೇ ಗಂಟೆಯ ವ್ಯತ್ಯಾಸ, ಬಿಲ್ ಮಾತ್ರ ಮೂರು ಪಟ್ಟಿಗಿಂತ ಜಾಸ್ತಿ! ಜೊತೆಗೆ ಮೀಟರ್‌ನ ಮಂಜೂರಾದ ಲೋಡ್ ಕಡಿಮೆ ಇದ್ದರೆ ಹೆಚ್ಚಿಸಿಕೊಳ್ಳಬೇಕು. ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿರುವುದರಿಂದ ಪೂರ್ತಿ ಬಿಲ್ ಕಟ್ಟುವ ತಿಂಗಳಲ್ಲಿ ಅದೂ ಏರಿರುತ್ತದೆ.

ಆದ್ದರಿಂದ ಅಜ್ಜಿಯ ಎಸಿಗೆ ರಾತ್ರಿ ಹತ್ತರಿಂದ ಎರಡರವರೆಗೆ ಟೈಮರ್ ಇಟ್ಟಿದ್ದೇವೆ. ಆಮೇಲೆ ಹೆಂಚೂ ತಣಿದಿರುತ್ತದೆ, ಫ್ಯಾನ್ ಸಾಕು. 2020ರಿಂದ ಸ್ಟಾರ್ ಲೇಬಲ್ ಇರುವ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಶೇ 6ರಷ್ಟು ಕರೆಂಟ್ ಉಳಿಯುತ್ತದೆ ಎನ್ನುತ್ತದೆ ಇಂಧನ ದಕ್ಷತಾ ಬ್ಯೂರೋ. ನಾವು 26ಕ್ಕಿಟ್ಟು ಫ್ಯಾನ್ ಸಣ್ಣಗೆ ತಿರುಗಿಸುತ್ತೇವೆ. ‘ಇದಕ್ಕಿಂತ ತಂಪಾದರೆ ಕಂಬಳಿ ಬೇಕಾಗ್ತದೆ’ ಅನ್ನುತ್ತಾರೆ ಅಜ್ಜಿ.

ಫಿಟ್ಟಿಂಗ್ ದಿನ ಮನೆಯಲ್ಲಿ ಒಬ್ಬರು ಎದುರಿಗೇ ಇರಿ. ಗ್ಯಾಸ್ ಬಿಡುವ ಮುಂಚೆ ಪೈಪ್‌ನೊಳಗಿನ ಗಾಳಿ ಮತ್ತು ತೇವವನ್ನು ವ್ಯಾಕ್ಯೂಮ್ ಪಂಪ್‌ನಿಂದ ತೆಗೆಯಬೇಕು. ಅವಸರದಲ್ಲಿರುವವರು ಇದನ್ನು ಬಿಟ್ಟುಬಿಡುತ್ತಾರೆ. ಪೈಪ್‌ನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಲು ಹೇಳಿ. ಗ್ಯಾಸ್ ಸೋರಿದರೆ ಮತ್ತೆ ತುಂಬಿಸಲು ಸಾವಿರಾರು ರೂಪಾಯಿ ಬೇಕು. ಹತ್ತು ವರ್ಷದ ವಾರಂಟಿ ಎಂದು ದೊಡ್ಡದಾಗಿ ಬರೆದಿರುವುದು ಸಾಮಾನ್ಯವಾಗಿ ಕಂಪ್ರೆಸರ್‌ಗೆ ಮಾತ್ರ, ಗ್ಯಾಸ್‌ಗಲ್ಲ.

ಎಸಿ ಬೇಡ ಎಂದು ನಾನು ಹೇಳುತ್ತಿಲ್ಲ. ಅಜ್ಜಿ ಈಗ ನಿದ್ದೆ ಮಾಡುತ್ತಿದ್ದಾರೆ, ಅದಕ್ಕಿಂತ ಬೇರೆ ಲಾಭ ನಮಗೆ ಬೇಕಿಲ್ಲ. ಆದರೆ ಅಂಗಡಿಗೆ ಹೊರಡುವ ಮುಂಚೆ ಕೋಣೆಯ ಸೂರು ನೋಡಿ, ಹೊರಗೋಡೆಗೆ ಟೇಪ್ ಹಿಡಿದು ಅಳೆಯಿರಿ, ವೈರ್‌ಮನ್‌ ಕರೆಸಿ ವೈರಿಂಗ್ ತೋರಿಸಿ. ಜೇಬಿನಲ್ಲಿ ಪರ್ಸ್ ಜೊತೆ ಕಳೆದ ಬೇಸಿಗೆಯ ಕರೆಂಟ್ ಬಿಲ್ಲೂ ಇರಲಿ. ಎಷ್ಟು ಗಂಟೆ ತಂಪಾಗಿರಬಹುದು ಎಂಬುದನ್ನು ಸೇಲ್ಸ್‌ಮನ್‌ಗಿಂತ ಚೆನ್ನಾಗಿ ಹೇಳುವುದು ಅದೇ.