ಒಂದು ಸೊಪ್ಪಿಗೆ ಹುಳಿ, ಇನ್ನೊಂದಕ್ಕೆ ಅವಸರ

ಗೋರಂಟಿ, ಮದರಂಗಿ, ಮೆಹಂದಿ ಎಂದು ಊರಿಗೊಂದು ಹೆಸರು ಪಡೆದಿರುವ ಗಿಡದ ಎಲೆಯಲ್ಲಿ ಕಪ್ಪು ಬಣ್ಣವಿಲ್ಲ. ಎಷ್ಟು ಹೊತ್ತು ನೆನೆಸಿದರೂ, ಎಷ್ಟು ಹೊತ್ತು ತಲೆಯ ಮೇಲೆ ಇಟ್ಟುಕೊಂಡರೂ ಅದು ನರೆಗೂದಲಿಗೆ ಕೊಡುವುದು ಕಿತ್ತಳೆಯಿಂದ ಕೆಂಗಂದಿನವರೆಗಿನ ಛಾಯೆಗಳನ್ನಷ್ಟೇ. ಕಪ್ಪೇ ಬೇಕೆನ್ನುವವರು ಅದರ ಜೊತೆಗೆ ನೀಲಿ ಗಿಡದ ಎಲೆಯನ್ನೂ ಬಳಸಬೇಕಾಗುತ್ತದೆ. ಬಣ್ಣ ಹಿಡಿಯಲಿಲ್ಲ, ಎರಡು ಸಲ ತಲೆಗೆ ನೀರು ಹಾಕಿಕೊಳ್ಳುವಷ್ಟರಲ್ಲಿ ಎಲ್ಲವೂ ಹೋಯಿತು ಎಂಬ ದೂರುಗಳು ಅನೇಕ ಸಲ ಹುಟ್ಟುವುದು, ಈ ಎರಡು ಎಲೆಗಳ ಸ್ವಭಾವ ಒಂದಕ್ಕೊಂದು ತದ್ವಿರುದ್ಧ ಎಂಬುದನ್ನು ಗಮನಿಸದೆ ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ರಾತ್ರಿಯೆಲ್ಲ ಇಟ್ಟುಬಿಡುವುದರಿಂದ.

ಕೂದಲಿನ ಬುಡದಲ್ಲಿ, ಚರ್ಮದೊಳಗೆ ಹುದುಗಿರುವ ಪುಟ್ಟ ಚೀಲದಂಥ ಭಾಗದಲ್ಲಿ, ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುವ ಜೀವಕೋಶಗಳಿರುತ್ತವೆ. ವಯಸ್ಸಿನಿಂದಲೋ ವಂಶದ ಗುಣದಿಂದಲೋ ಅವು ಕೆಲಸ ನಿಲ್ಲಿಸಿದಾಗ ಅಲ್ಲಿಂದ ಮುಂದೆ ಬೆಳೆಯುವ ಎಳೆ ಬಣ್ಣವಿಲ್ಲದೆ ಹೊರಬರುತ್ತದೆ. ಸೊಪ್ಪಿನ ಬಣ್ಣ ಈ ಕೋಶಗಳ ಗೊಡವೆಗೆ ಹೋಗುವುದಿಲ್ಲ, ಹೊರಬಂದ ಎಳೆಗೆ ಮಾತ್ರ ಹಿಡಿಯುತ್ತದೆ. ಅಂಗಡಿಯ ಸಾಮಾನ್ಯ ಡೈಯಲ್ಲಿ ಅಮೋನಿಯ ಕೂದಲಿನ ಹೊರಪದರದ ಹುರುಪೆಗಳನ್ನು ಸಡಿಲಿಸಿ, ಹೈಡ್ರೊಜನ್ ಪೆರಾಕ್ಸೈಡ್ ಒಳಗಿನ ಮೂಲ ಬಣ್ಣವನ್ನು ಮಾಸಿಸುತ್ತಲೇ ಹೊಸ ಬಣ್ಣವನ್ನು ಅಲ್ಲಿಯೇ ರೂಪುಗೊಳಿಸುತ್ತದೆ. ಗೋರಂಟಿಯ ದಾರಿ ಬೇರೆ: ಅದರಲ್ಲಿರುವ ಲಾಸೋನ್ ಎಂಬ ಕೆಂಬಣ್ಣದ ದ್ರವ್ಯ ಕೂದಲಿನ ಮುಖ್ಯ ಪ್ರೋಟೀನಾದ ಕೆರಾಟಿನ್‌ಗೆ ನೇರವಾಗಿ ಅಂಟಿಕೊಳ್ಳುತ್ತದೆಯೇ ಹೊರತು ಇರುವ ಕಪ್ಪನ್ನು ತಿಳಿಗೊಳಿಸುವುದಿಲ್ಲ. ಅದೇ ಲೇಪದಿಂದ ಬಿಳಿ ಎಳೆ ಕಿತ್ತಳೆಯಾಗುವುದೂ, ಪಕ್ಕದ ಕಪ್ಪು ಎಳೆ ಬಿಸಿಲಿಗೆ ಹಿಡಿದಾಗ ಮಾತ್ರ ಕೆಂಪಾಗಿ ಮಿಂಚುವುದೂ ಇದರಿಂದಲೇ.

ಎಲೆಯಲ್ಲಿ ಲಾಸೋನ್ ಬಹುಮಟ್ಟಿಗೆ ಸಕ್ಕರೆಯ ಅಣುವಿನೊಂದಿಗೆ ಬಂಧಿತವಾದ ಪೂರ್ವರೂಪದಲ್ಲಿರುತ್ತದೆ. ಆ ಬಂಧ ಬಿಡಿಸಿಕೊಂಡು ಬರಲು ನೀರು, ಸ್ವಲ್ಪ ಹುಳಿ ಮತ್ತು ಸಮಯ ಬೇಕು. ನಿಂಬೆರಸವನ್ನೋ ತಣಿದ ಚಹಾ ಡಿಕಾಕ್ಷನ್ನನ್ನೋ ಬೆರೆಸಿ ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ, ಮುಚ್ಚಿ, ಎಂಟರಿಂದ ಹನ್ನೆರಡು ತಾಸು ಬಿಡುವ ಮನೆಪದ್ಧತಿಗೆ ಹೀಗೊಂದು ರಸಾಯನಶಾಸ್ತ್ರದ ಆಧಾರವಿದೆ. ಸೆಕೆಗಾಲದಲ್ಲಿ ಇನ್ನೂ ಕಡಿಮೆ ಹೊತ್ತು ಸಾಕು. ಮೇಲ್ಭಾಗ ಕಂದಾಗಿ, ಕೆದಕಿದರೆ ಒಳಗೆ ಹಸಿರು ಉಳಿದಿದ್ದು, ಅಂಗೈಯಲ್ಲಿ ಒಂದು ಚುಕ್ಕೆಯಿಟ್ಟು ಐದು ನಿಮಿಷಕ್ಕೆ ಒರೆಸಿದಾಗ ಕಿತ್ತಳೆ ಕಲೆ ಉಳಿದರೆ ಅದು ಹದಕ್ಕೆ ಬಂದಿದೆ ಎಂದು ತಿಳಿಯಬಹುದು. ಕಬ್ಬಿಣದ ಬಾಣಲೆಯಲ್ಲಿ ನೆನೆಸುವ ರೂಢಿಯೂ ಮೂಢನಂಬಿಕೆಯಲ್ಲ. ಚಹಾದ ಒಗರಿಗೆ ಕಾರಣವಾದ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಕಪ್ಪು ಸಂಯುಕ್ತವಾಗುತ್ತದೆ, ಹಿಂದೆ ಅಳಲೆಕಾಯಿಯಿಂದ ಮಸಿ ಮಾಡುತ್ತಿದ್ದದ್ದೂ ಇದೇ ತತ್ತ್ವದ ಮೇಲೆ. ಆದರೆ ಇದರಿಂದ ಕೆಂಪು ತುಸು ಮಂಕಾಗುತ್ತದೆಯೇ ವಿನಾ ಕಪ್ಪಾಗುವುದಿಲ್ಲ. ಮೊಸರು, ಮೊಟ್ಟೆಗಳನ್ನು ಬೆರೆಸುವುದು ಮಾತ್ರ ಕೈಯಾರೆ ಬಣ್ಣ ಕಳೆದುಕೊಂಡಂತೆ, ಏಕೆಂದರೆ ಪ್ರೋಟೀನಿಗೆ ಅಂಟುವ ದ್ರವ್ಯ ತಲೆಯನ್ನು ತಲುಪುವ ಮೊದಲೇ ಬಟ್ಟಲಿನ ಪ್ರೋಟೀನಿಗೂ ಅಂಟಿಕೊಳ್ಳಬಲ್ಲದು.

ನೀಲಿ ಎಲೆಯ ಗುಣವೇ ಬೇರೆ. ಅದರಲ್ಲಿ ಇರುವುದು ಇಂಡಿಕನ್ ಎಂಬ ಬಣ್ಣವಿಲ್ಲದ ವಸ್ತು. ಪುಡಿಗೆ ಉಗುರುಬೆಚ್ಚನೆಯ ನೀರು ಬಿದ್ದೊಡನೆ ಅದು ಒಡೆದು ಇಂಡಾಕ್ಸಿಲ್ ಆಗುತ್ತದೆ, ಇಂಡಾಕ್ಸಿಲ್ ಗಾಳಿಯ ಆಮ್ಲಜನಕ ಸೋಕಿದಂತೆ ನೀಲಿಯಾಗುತ್ತದೆ. ಬಟಾಣಿ ಹಸಿರಿನ ಲೇಪ ಹತ್ತು ಹದಿನೈದು ನಿಮಿಷದಲ್ಲಿ ಕಡುಗೊಳ್ಳುತ್ತ, ಮೇಲೆ ನೀಲಿ ಕೆನೆಯಂಥದ್ದು ಕಟ್ಟುವುದು ಕಣ್ಣೆದುರೇ ಕಾಣುತ್ತದೆ. ಪೂರ್ತಿ ರೂಪುಗೊಂಡ ನೀಲಿ ನೀರಿನಲ್ಲಿ ಕರಗದು, ಕೂದಲೊಳಗೆ ಇಳಿಯದು; ಆದ್ದರಿಂದ ಈ ಬದಲಾವಣೆ ತಲೆಯ ಮೇಲೆ ನಡೆಯಬೇಕೇ ಹೊರತು ಬಟ್ಟಲಲ್ಲಿ ಅಲ್ಲ, ಕಲಸಿದ ಕಾಲು ಗಂಟೆಯೊಳಗೆ ಹಚ್ಚಲು ಆರಂಭಿಸಬೇಕು, ನಿಂಬೆಹುಳಿಯನ್ನಂತೂ ಬೆರೆಸಲೇಬಾರದು. ಬಂಗಾಳದಲ್ಲಿ 1859ರ ದಂಗೆಗೆ, 1917ರಲ್ಲಿ ಗಾಂಧೀಜಿಯವರ ಚಂಪಾರಣ್ ಸತ್ಯಾಗ್ರಹಕ್ಕೆ ಕಾರಣವಾದ ನೀಲಿ ಬೆಳೆ ಇದರದೇ ಕುಲಕ್ಕೆ ಸೇರಿದ್ದು. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದ ಬಳಿಕ ಬಟ್ಟೆಯ ಲೋಕದಲ್ಲಿ ಅದರ ದರ್ಬಾರು ಮುಗಿಯಿತು, ತಲೆಗೂದಲಿಗೆ ಮಾತ್ರ ಎಲೆಯ ಪುಡಿಯೇ ಉಳಿದುಕೊಂಡಿದೆ.

ಕಪ್ಪು ಬಯಸುವವರಿಗೆ ಎರಡು ಹಂತದ ವಿಧಾನವೇ ಭರವಸೆಯದು. ಎಣ್ಣೆಯಿಲ್ಲದಂತೆ ತೊಳೆದ ಕೂದಲಿಗೆ ಮೊದಲು ಗೋರಂಟಿಯನ್ನು ಎರಡು ಮೂರು ತಾಸು ಕಟ್ಟಿ, ಬರಿಯ ನೀರಿನಲ್ಲಿ ತೊಳೆದು, ಆ ಕಿತ್ತಳೆಯ ಮೇಲೆ ನೀಲಿಯನ್ನು ಒಂದೆರಡು ತಾಸು ಇಡಬೇಕು. ಗೋರಂಟಿಯ ತಳಹದಿಯಿಲ್ಲದೆ ನೀಲಿಯೊಂದನ್ನೇ ಹಚ್ಚಿದರೆ ನರೆ ನೀಲಿಯಾಗಿಯೋ ಹಸಿರಾಗಿಯೋ ಕಾಣುತ್ತದೆ. ಹಚ್ಚಿದ ದಿನ ಬಣ್ಣದಲ್ಲಿ ಹಸಿರಿನ ಎಳೆ ಕಂಡರೂ ಗಾಬರಿ ಬೇಡ, ಗಾಳಿಯ ಕೆಲಸ ಮುಗಿಯಲು ಒಂದೆರಡು ದಿನ ಹಿಡಿಯುತ್ತದೆ. ಅಷ್ಟರವರೆಗೆ ಶಾಂಪೂ, ಸೀಗೆಪುಡಿ ಎರಡನ್ನೂ ದೂರವಿಡುವುದು ಒಳ್ಳೆಯದು. ಎಲೆಯ ಬಣ್ಣವೆಂದ ಮಾತ್ರಕ್ಕೆ ಇದಕ್ಕೆ ಪರಿಸರಸ್ನೇಹಿ ಎಂಬ ಬಿರುದನ್ನು ಕಣ್ಣುಮುಚ್ಚಿ ಕೊಡುವಂತಿಲ್ಲ: ಚರಂಡಿಗೆ ಹೋಗುವುದು ಎಲೆಯ ಪುಡಿಯೇ ಆದರೂ ಹೆರಳಿನಿಂದ ಎರಡು ಲೇಪಗಳನ್ನು ಬಿಡಿಸಲು ಬಕೆಟ್ಟುಗಟ್ಟಲೆ ನೀರು ಬೇಕು. ತುಂಬಿದ ಒಂದು ಬಕೆಟ್ಟಿನಲ್ಲೇ ತಲೆಯನ್ನು ಅದ್ದಿ ಮೊದಲ ಗಸಿಯನ್ನೆಲ್ಲ ಬಿಡಿಸಿ, ಆ ನೀರನ್ನು ಗಿಡಗಳಿಗೆ ಸುರಿದರೆ ಆ ಖರ್ಚು ಸ್ವಲ್ಪ ಹಗುರವಾಗುತ್ತದೆ.

ನಿಜವಾದ ಅಪಾಯವಿರುವುದು ಪೊಟ್ಟಣದಲ್ಲಿ. ಅರ್ಧ ತಾಸಿನಲ್ಲಿ ಒಂದೇ ಸಲಕ್ಕೆ ಕಪ್ಪಾಗಿಸುವ ‘ಕಪ್ಪು ಮೆಹಂದಿ’ ಎಂಬ ಗಿಡ ಎಲ್ಲಿಯೂ ಇಲ್ಲ. ಆ ಹೆಸರಿನ ಅನೇಕ ಪುಡಿಗಳಲ್ಲಿ ಬಣ್ಣ ಕೊಡುವುದು ಪ್ಯಾರಾ-ಫಿನೈಲಿನ್‌ಡೈಅಮೈನ್, ಚುಟುಕಾಗಿ ಪಿಪಿಡಿ. ಚರ್ಮದ ಅಲರ್ಜಿಗೆ ಕುಖ್ಯಾತವಾದ ಈ ವಸ್ತುವನ್ನು ಅಮೆರಿಕದ ಚರ್ಮವೈದ್ಯರ ಸಂಘವೊಂದು 2006ರಲ್ಲಿ ವರ್ಷದ ಅಲರ್ಜಿಕಾರಕವೆಂದು ಹೆಸರಿಸಿತು, ಯುರೋಪಿಯನ್ ಒಕ್ಕೂಟ ಕೂದಲಿಗೆ ಹಚ್ಚುವ ಮಿಶ್ರಣದಲ್ಲಿ ಇದು ಶೇಕಡಾ 2ನ್ನು ಮೀರಬಾರದೆಂದು ವಿಧಿಸಿದೆ. ಗಿಡಮೂಲಿಕೆಯ ಚಿತ್ರ ನೋಡಿ ಮರುಳಾಗದೆ ಹಿಂಬದಿಯ ಸಣ್ಣಕ್ಷರದ ಪಟ್ಟಿಯನ್ನು ಓದಬೇಕು. ಗೋರಂಟಿಗೆ ಹೆಸರಾದ ರಾಜಸ್ಥಾನದ ಸೋಜತ್‌ನ ಪುಡಿಯೆಂದು ಬರೆದಿದ್ದರೂ ಈ ಓದಿಗೆ ವಿನಾಯಿತಿಯಿಲ್ಲ. ಯಾವ ಪುಡಿಯೇ ಆಗಲಿ, ಮೊಣಕೈಯ ಒಳಮಡಿಕೆಯಲ್ಲಿ ಚುಕ್ಕೆಯಷ್ಟು ಹಚ್ಚಿ 48 ಗಂಟೆ ಕಾದು ತುರಿಕೆ, ಕೆಂಪು ಕಾಣದಿದ್ದರಷ್ಟೇ ತಲೆಗೇರಿಸಬೇಕು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಲ್ಲಿ ಅಪ್ಪಟ ಗೋರಂಟಿಯೂ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು, ಅಂಥವರಿಗೆ, ವಿಶೇಷವಾಗಿ ಮಕ್ಕಳಿಗೆ, ಅದು ಸಲ್ಲದು.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಮುಂದಿನ ಸಲ ಬುಡಕ್ಕೆ ಮಾತ್ರ ಹಚ್ಚಿದರೆ ಸಾಕು. ತುದಿಯವರೆಗೆ ಪದೇಪದೇ ಹಚ್ಚಿದಷ್ಟೂ ಬಣ್ಣ ಪದರಗಟ್ಟಿ ತುದಿ ಬುಡಕ್ಕಿಂತ ಕಡುವಾಗುತ್ತದೆ. ಕಲಸಿ ಉಳಿದ ಗೋರಂಟಿಯನ್ನು ಡಬ್ಬಿಯಲ್ಲಿ ಮುಚ್ಚಿ ಫ್ರೀಜರಿನಲ್ಲಿಟ್ಟು ಆ ಸರದಿಗೆ ಬಳಸಿಕೊಳ್ಳಬಹುದು, ಉಳಿದ ನೀಲಿಯನ್ನು ಮಾತ್ರ ಅಂದೇ ಹೂಕುಂಡಕ್ಕೆ ಹಾಕಬೇಕು.