ರಕ್ತದ ಒತ್ತಡವೂ ನಮ್ಮ ಹೋಟೆಲ್ ಬಂಧುಗಳೂ
ತಿಂಗಳು ತಪ್ಪದೆ ಊರಿಗೆ ಹಣ ಕಳುಹಿಸುವ ಪ್ಯಾರೀಸ್ ಕಾರ್ನರಿನ ನಮ್ಮ ಗಂಡಸರಿಗೆ ಜ್ವರ ಬಂದರೂ ಕಾಫಿಯೇ ಔಷಧ. ಜ್ವರವಾದರೂ ಮೈಗೆ ತಿಳಿಯುತ್ತದೆ. ರಕ್ತದ ಒತ್ತಡವಾದರೋ ಸಾಮಾನ್ಯವಾಗಿ ಯಾವ ನೋವನ್ನೂ ತೋರದೆ ವರ್ಷಗಟ್ಟಲೆ ಏರಿ ಹೃದಯ, ಮಿದುಳು, ಮೂತ್ರಪಿಂಡಗಳನ್ನು ಕೆಡಿಸುವುದು. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ವೈದ್ಯರನ್ನು ಕಾಣುವುದು ಅವಶ್ಯ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾಂಬಾರು, ಉಪ್ಪಿನಕಾಯಿಗಳ ನಡುವೆ ಬಾಳುವ ನಮಗೆ ಕಠಿಣವೇ ಸರಿ!

ಸೆಂಟ್ರಲ್ ಸ್ಟೇಷನ್ನಿನ ಎದುರಿನ ಸರ್ಕಾರಿ ಜನರಲ್ ಆಸ್ಪತ್ರೆ ದೂರವೇನಿಲ್ಲ. ಆದರೆ ಅಲ್ಲಿ ಹೊರರೋಗಿಗಳನ್ನು ನೋಡುವ ಬೆಳಗಿನ ವೇಳೆಯೇ ಇಲ್ಲಿ ಗಿರಾಕಿಗಳ ನೂಕುನುಗ್ಗಲು. ಮಾಲೀಕ ಮಿತ್ರರಲ್ಲಿ ನನ್ನ ಅರಿಕೆ: ಮಾಣಿಗೂ ಗುಮಾಸ್ತರಿಗೂ ವರ್ಷಕ್ಕೊಂದು ಬೆಳಗು ಸಂಬಳ ಕಡಿಯದೆ ಬಿಡುವು ಕೊಡಿ, ಗಲ್ಲಾದಲ್ಲಿ ಕುಳಿತ ನಾವೂ ಅವರೊಡನೆ ಹೋಗಿ ತೋಳು ಚಾಚೋಣ.